ಹಳೆ ಕಾರಿನ ಸ್ಟೇರಿಂಗ್ ಸಡಿಲವೇ? ಅಲೈನ್‌ಮೆಂಟ್‌ಗೆ ಓಡುವ ಮೊದಲು ಇಷ್ಟು ನೋಡಿ

ನಮ್ಮ ಮನೆಯ 1998ರ ಮಾರುತಿ 800 ಒಂದು ಮಳೆಗಾಲದಲ್ಲಿ ನೇರ ರಸ್ತೆಯಲ್ಲೂ ಅತ್ತಿತ್ತ ವಾಲತೊಡಗಿತು. ಹಾಸನದಿಂದ ಸಕಲೇಶಪುರ ತಲುಪುವಷ್ಟರಲ್ಲಿ ಸ್ಟೇರಿಂಗ್ ತಿದ್ದಿ ತಿದ್ದಿ ಭುಜ ನೋಯುತ್ತಿತ್ತು. ಎರಡು ಸಲ ಚಕ್ರಗಳ ಕೋನ ಸರಿಹೊಂದಿಸುವ ಅಲೈನ್‌ಮೆಂಟ್ ಮಾಡಿಸಿದೆ. ವಾರ ಕಳೆದರೆ ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ಸವೆದಿದ್ದದ್ದು ಎಡಗಡೆಯ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನ ರಾಡು ಚಕ್ರದ ಕಡೆಗೆ ಸೇರುವ ಗುಂಡಿನ ಜಾಯಿಂಟ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ಜಾಯಿಂಟ್ ಸವೆದಿರುವ ಗಾಡಿಯಲ್ಲಿ ಅಲೈನ್‌ಮೆಂಟ್ ನಿಲ್ಲುವುದೇ ಇಲ್ಲ. ದೋಷ ಹುಡುಕುವುದು ಮೊದಲು, ಅಲೈನ್‌ಮೆಂಟ್ ಕಟ್ಟಕಡೆಗೆ.

ಹುಡುಕಾಟ ಟೈರಿನಿಂದ ಶುರುವಾಗಲಿ. ಗಾಳಿ ಕಡಿಮೆಯಿದ್ದರೆ ಒಳ್ಳೆಯ ಸ್ಟೇರಿಂಗ್ ಕೂಡ ಮೆತ್ತಗಾಗುತ್ತದೆ. ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿಸಿ, ಟೈರ್ ತಣ್ಣಗಿರುವಾಗ. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ ನೋಡಿ: 2316 ಎಂದಿದ್ದರೆ ಅದು 2016ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯ ಟೈರಿನ ರಬ್ಬರ್ ಗಟ್ಟಿಯಾಗಿರುತ್ತದೆ. ಬಿರುಕು ಬಿಟ್ಟಿದ್ದರೆ, ಒಂದು ಕಡೆ ಉಬ್ಬಿದ್ದರೆ ಬದಲಿಸದೆ ಮುಂದಕ್ಕೆ ಹೋಗಬೇಡಿ. ಒಳ ಅಂಚೋ ಹೊರ ಅಂಚೋ ಮಾತ್ರ ಸವೆದಿದ್ದರೆ ಕೆಳಗೆ ಏನೋ ಸಡಿಲವಾಗಿದೆ, ಇಲ್ಲವೇ ಅಲೈನ್‌ಮೆಂಟ್ ತಪ್ಪಿದೆ.

ಆಮೇಲೆ ಪ್ಲೇ ಅಳೆಯಿರಿ. ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರಗಳನ್ನು ನೇರ ಮಾಡಿ ನಿಲ್ಲಿಸಿ. ಪವರ್ ಸ್ಟೇರಿಂಗ್ ಇದ್ದರೆ ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಚಾಲೂ ಇರಲಿ. ಕಿಟಕಿಯ ಹೊರಗಿನಿಂದ ಕೈ ಹಾಕಿ ಸ್ಟೇರಿಂಗನ್ನು ಮೆಲ್ಲಗೆ ತಿರುಗಿಸುತ್ತಾ ಟೈರನ್ನೇ ದಿಟ್ಟಿಸಿ. ಟೈರ್ ಅಲುಗುವ ಮೊದಲು ಸ್ಟೇರಿಂಗಿನ ಅಂಚು ಎಷ್ಟು ದೂರ ಸುಮ್ಮನೆ ತಿರುಗಿತೋ ಅದೇ ಪ್ಲೇ. ರ್‍ಯಾಕ್ ಸ್ಟೇರಿಂಗಿನ (ಹಲ್ಲಿನ ಉದ್ದ ಸರಳೊಂದು ಪಕ್ಕಕ್ಕೆ ಜರುಗಿ ಚಕ್ರ ತಿರುಗಿಸುವ) ಗಾಡಿಯಲ್ಲಿ ಅದು 30 ಮಿಲಿಮೀಟರ್ ದಾಟಿದರೆ ಯಾವುದೋ ಜಾಯಿಂಟ್ ಸವೆದಿದೆ ಎಂದೇ ಲೆಕ್ಕ. ಪ್ರೀಮಿಯರ್ ಪದ್ಮಿನಿ, ಜಿಪ್ಸಿಯಂಥ, ಆ ಸರಳಿನ ಬದಲು ಗೇರುಗಳ ಸ್ಟೇರಿಂಗ್ ಬಾಕ್ಸ್ ಇರುವ ಗಾಡಿಗಳ ಮಾತು ಬೇರೆ. ಅವಕ್ಕೆ ಒಂದಿಷ್ಟು ಪ್ಲೇ ಹೊಸದರಲ್ಲೂ ಇರುತ್ತದೆ, ಜಾಯಿಂಟ್‌ಗಳ ಸಂಖ್ಯೆಯೂ ಹೆಚ್ಚು.

ಪ್ಲೇ ಏನೂ ಇಲ್ಲ, ಆದರೂ ಗಾಡಿ ತೇಲಿದ ಹಾಗೆ ಹೋಗುತ್ತದೆ ಅಂದರೆ ಸಂಶಯ ಕೀಲುಗಳಲ್ಲಿ ಕೂರಿಸಿರುವ ರಬ್ಬರ್ ಬುಷ್‌ಗಳ ಮೇಲೆ. ಅದಕ್ಕೆ ಆಮೇಲೆ ಬರೋಣ.

ಈಗ ಮುಖ್ಯ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಚಕ್ರಗಳು ನೆಲದ ಮೇಲೇ ಇರಲಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಚಿಕ್ಕದಾಗಿ, ಬಿಡದೆ ಅಲುಗಿಸಲಿ. ನೀವು ಬಾನೆಟ್ ತೆರೆದು, ಆಮೇಲೆ ಚಕ್ರದ ಹಿಂದಿನಿಂದ, ಒಂದೊಂದೇ ಜಾಯಿಂಟ್ ಮೇಲೆ ಬೆರಳಿಡಿ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ನಮ್ಮ ಗಾಡಿಯ ಟೈ ರಾಡ್ ಎಂಡ್ ನೋಡಲು ಚೆನ್ನಾಗಿಯೇ ಇತ್ತು. ಹೆಬ್ಬೆರಳನ್ನು ರಾಡಿನ ತಲೆಗೂ ಚಕ್ರದ ಕಡೆಯ ತೋಳಿಗೂ ತಾಗುವಂತೆ ಇಟ್ಟಾಗ ಮಾತ್ರ ಒಳಗಿನ ಗುಂಡು 'ಟಕ್ ಟಕ್' ಎಂದು ಬಡಿಯುವುದು ತಿಳಿಯಿತು. ಅದನ್ನು ಮುಚ್ಚಿರುವ ರಬ್ಬರ್ ಬೂಟ್ ಅಡಿಭಾಗದಲ್ಲಿ ಹರಿದು, ಗ್ರೀಸೆಲ್ಲ ತೊಳೆದು ಹೋಗಿ, ಒಳಗೆ ಕೆಂಪು ತುಕ್ಕಿನ ಕೆಸರು ಸೇರಿತ್ತು.

ಅಲ್ಲಿ ಏನೂ ಸಿಗದಿದ್ದರೆ ರ್‍ಯಾಕಿನ ತುದಿಯ ಮಡಿಕೆ ಮಡಿಕೆಯ ಬೂಟನ್ನು ಹಿಸುಕಿ ಹಿಡಿಯಿರಿ, ಒಳಗಿನ ಜಾಯಿಂಟ್ ಸಡಿಲವಾಗಿದ್ದರೆ ಅಂಗೈಗೆ ತಿಳಿಯುತ್ತದೆ. ಇಡೀ ರ್‍ಯಾಕೇ ಪಕ್ಕಕ್ಕೆ ಜರುಗುತ್ತಿದ್ದರೆ ಅದನ್ನು ಹಿಡಿದಿರುವ ರಬ್ಬರ್ ಅಥವಾ ಬೋಲ್ಟ್ ಹೋಗಿದೆ. ಪೆಡಲ್‌ಗಳ ಹತ್ತಿರ ಸ್ಟೇರಿಂಗ್ ಕಂಬದ ಬುಡದ ಜಾಯಿಂಟನ್ನೂ ಮರೆಯಬೇಡಿ. ಮೇಲಿನ ಭಾಗ ತಿರುಗಿ ಕೆಳಗಿನದು ತಡವಾಗಿ ತಿರುಗಿದರೆ ಅಲ್ಲೇ ಸವೆದಿದೆ.

ಮುಂದಿನದಕ್ಕೆ ಗಾಡಿ ಎತ್ತಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಜ್ಯಾಕಿನಿಂದ ಎತ್ತಿದ ಮೇಲೆ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಗಾಡಿಯ ಅಡಿಗೆ ಕೈ, ತಲೆ ಹಾಕಲೇಬೇಡಿ. ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ. ಆಟ ಇದ್ದರೆ ಒಳಗಿರುವವರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ನಿಂತರೆ ವ್ಹೀಲ್ ಬೇರಿಂಗ್, ಆಗಲೂ ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಸೇರಿಸುವ ಗುಂಡಿನ ಕೀಲು). 9 ಮತ್ತು 3ರಲ್ಲಿ ಮಾತ್ರ ಅಲುಗಿದರೆ ಮತ್ತೆ ಟೈ ರಾಡಿನ ಕಡೆಗೇ ಬನ್ನಿ. ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಗಾಡಿಯನ್ನು ಓಡಿಸಬೇಡಿ. ಅದು ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಅಲ್ಲೇ ಕೂರುತ್ತದೆ. ಘಾಟಿಯಲ್ಲಿ ಹಾಗಾದರೆ ಏನಾದೀತು ಎಂದು ನೆನೆದರೇ ಭಯವಾಗುತ್ತದೆ. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಇನ್ನು ಬುಷ್. ಮಾರುತಿ 800ರಲ್ಲಿ ಮುಂದಿನ ಸ್ಟೆಬಿಲೈಸರ್ ರಾಡೇ ಕೆಳಗಿನ ತೋಳನ್ನು ಹಿಂದೆ ಮುಂದೆ ಹೋಗದಂತೆ ಹಿಡಿದಿರುತ್ತದೆ. ಅದರ ಬುಷ್ ಚಪ್ಪಟೆಯಾದರೆ ಬ್ರೇಕ್ ಒತ್ತಿದಾಗಲೆಲ್ಲ ಚಕ್ರ ಜರುಗುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಟಾರ್ಚ್ ಬಿಟ್ಟು ನೋಡಿ: ರಬ್ಬರ್ ಸೀಳಿದೆಯೇ, ಕಬ್ಬಿಣಕ್ಕೆ ಕಬ್ಬಿಣ ತಾಗಿ ಹೊಳೆಯುತ್ತಿದೆಯೇ? ಹಿಂದಿನ ಆಕ್ಸಲ್ ಬುಷ್ ಹೋದರೂ ಗಾಡಿ ತೇಲುತ್ತದೆ ಎನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

"ರ್‍ಯಾಕ್ ಸ್ವಲ್ಪ ಟೈಟ್ ಮಾಡಿದರೆ ಸರಿಹೋಗುತ್ತೆ" ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ ಎನ್ನಿ. ರ್‍ಯಾಕ್ ಹೆಚ್ಚು ಸವೆಯುವುದು ನಡುವಿನ ಭಾಗದಲ್ಲಿ. ಅಲ್ಲಿನ ಪ್ಲೇ ಹೋಗುವಷ್ಟು ಬಿಗಿದರೆ ತಿರುವಿನಲ್ಲಿ ಬಿಗಿ ಹಿಡಿದು, ಸ್ಟೇರಿಂಗ್ ತಾನಾಗಿ ಹಿಂದಕ್ಕೆ ಬರುವುದಿಲ್ಲ.

ಟೈ ರಾಡ್ ಎಂಡ್ ಬದಲಿಸುವಾಗ ಹಳೆಯದು ಎಷ್ಟು ಸುತ್ತು ತಿರುಗಿಸಿದಾಗ ಬಿಚ್ಚಿಕೊಂಡಿತು ಎಂದು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ನಟ್ ಕಳಚದಂತೆ ಹಿಡಿಯುವ ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಗ್ಗದ ಮಾಲು ಸಿಗುತ್ತದೆ, ಆದರೆ ಈ ಜಾಯಿಂಟಿನಲ್ಲಿ ಮಾತ್ರ ಉಳಿತಾಯ ಬೇಡ. ಇಷ್ಟಾದ ಮೇಲೆ ಅಲೈನ್‌ಮೆಂಟ್. ಮುಗಿಸಿ ಬಂದು ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಹೋಗಿ ನೋಡಿ: ಸ್ಟೇರಿಂಗಿನ ಕಡ್ಡಿ ನೇರವಾಗಿದ್ದು, ತಿರುವು ಮುಗಿದಾಗ ಅದು ನಿಮ್ಮ ಅಂಗೈಯಲ್ಲಿ ತಾನಾಗಿ ಜಾರಿ ನಡುವಿಗೆ ಬರಬೇಕು.