ಸಂಘದ ಆಡಳಿತ ಮಂಡಳಿ ರಿಸ್ಕ್ ಲೆಕ್ಕ ಹಾಕುವುದು ಹೇಗೆ?

2024ರ ಜುಲೈ 16ರಂದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಜೀವಗಳೂ ಹೋದವು. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಕರಾವಳಿಯ ಮೀನು, ಐಸ್, ಕಿರಾಣಿ ಎಲ್ಲವೂ ನಂಬಿಕೊಂಡಿದ್ದ ಹೆದ್ದಾರಿ ಒಂದೇ ಮಳೆಗಾಲದಲ್ಲಿ ಎರಡು ಕಡೆ ಪೆಟ್ಟು ತಿಂದಿತು.

ನೀವು ಯಾವುದಾದರೂ ಸಹಕಾರಿ ಸಂಘದ, ಸೌಹಾರ್ದ ಸಹಕಾರಿಯ, ರೈತ ಉತ್ಪಾದಕ ಕಂಪನಿಯ ನಿರ್ದೇಶಕರಾಗಿದ್ದರೆ ಒಂದು ಕೆಲಸ ಮಾಡಿ. ಆ ವರ್ಷದ ನಡಾವಳಿ ಪುಸ್ತಕ ತೆರೆಯಿರಿ. ‘ದಾರಿ ಹದಿನೈದು ದಿನ ಬಂದ್ ಆದರೆ ನಮ್ಮ ವ್ಯವಹಾರದ ಗತಿ ಏನು’ ಎಂಬ ಚರ್ಚೆ ಎಲ್ಲಾದರೂ ಇದೆಯೇ ನೋಡಿ. ಸಾಲ ಮಂಜೂರಿ ಇರುತ್ತದೆ, ಖರ್ಚಿಗೆ ಒಪ್ಪಿಗೆ ಇರುತ್ತದೆ, ಸಿಬ್ಬಂದಿಯ ರಜೆಯೂ ಇರುತ್ತದೆ. ಈ ಚರ್ಚೆ ಇಲ್ಲದಿದ್ದರೆ ಮಂಡಳಿಯ ಮುಖ್ಯ ಕೆಲಸವೊಂದು ಬಾಕಿ ಉಳಿದಿದೆ ಎಂದರ್ಥ.

ಕಂಪನಿಗಳಿಗೆ ಇದು ಕಾನೂನಿನ ಮಾತು. 2013ರ ಕಂಪನಿ ಕಾಯ್ದೆಯ 134ನೇ ಕಲಮಿನ ಪ್ರಕಾರ, ಕಂಪನಿಯ ಅಸ್ತಿತ್ವಕ್ಕೇ ಕುತ್ತು ತರಬಲ್ಲ ಅಪಾಯಗಳು ಯಾವುವು, ಅವುಗಳನ್ನು ನಿಭಾಯಿಸುವ ನೀತಿ ಏನು ಎಂದು ನಿರ್ದೇಶಕ ಮಂಡಳಿ ತನ್ನ ವಾರ್ಷಿಕ ವರದಿಯಲ್ಲಿ ಹೇಳಬೇಕು. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಇದಕ್ಕೆಂದೇ ಪ್ರತ್ಯೇಕ ಸಮಿತಿ ಇರಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೇಳುತ್ತದೆ.

ನಮ್ಮ ಹಳ್ಳಿಯ ಸಂಘಕ್ಕೆ ಇದೆಲ್ಲ ಯಾಕೆ ಅನ್ನಬೇಡಿ. ನಮಗೆ ಇದು ಜಾಸ್ತಿ ಬೇಕು. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪ್ರಾಥಮಿಕ ಸಹಕಾರಿ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಅಡಿಕೆ ಮಾರಿದ ಹಣವನ್ನು ಮಗಳ ಮದುವೆಗೆಂದು ಸಂಘದಲ್ಲಿ ಇಟ್ಟವರಿಗೆ ಇರುವ ಭರವಸೆ ನಿಮ್ಮ ಮಂಡಳಿಯ ಎಚ್ಚರ ಮಾತ್ರ.

ಮೊದಲು: ಯಾವುದು ತಪ್ಪಲೇಬಾರದು?

ಅಪಾಯಗಳ ಪಟ್ಟಿ ಮಾಡಲು ಕೂರುವ ಮುನ್ನ ಸಂಘ ಯಾವುದಕ್ಕಾಗಿ ಇದೆ ಎಂದು ಎರಡು ಮೂರು ಸಾಲು ಬರೆಯಿರಿ. ‘ಅಡಿಕೆ ತಂದ ಸದಸ್ಯನಿಗೆ ಹೇಳಿದ ದಿನ ಹಣ ಸಿಗಬೇಕು. ಠೇವಣಿ ಕೇಳಿದ ದಿನ ವಾಪಸ್ ಕೊಡಬೇಕು. ಕೊಯ್ಲಿನ ಕಾಲದಲ್ಲಿ ಒಂದು ದಿನವೂ ತೂಕ ನಿಲ್ಲಬಾರದು.’ ಇಷ್ಟು ಸಾಕು. ಮುಂದೆ ಯಾವ ಅಪಾಯ ಎದುರಾದರೂ ಈ ಮೂರರಲ್ಲಿ ಯಾವುದಕ್ಕೆ ಪೆಟ್ಟು ಎಂದು ಕೇಳಬೇಕು. ಯಾವುದಕ್ಕೂ ಇಲ್ಲವಾದರೆ ಅದು ಮಂಡಳಿಯ ಮೇಜಿಗೆ ಬರುವುದು ಬೇಡ, ವ್ಯವಸ್ಥಾಪಕರು ನೋಡಿಕೊಳ್ಳಲಿ.

ಆಮೇಲೆ: ಕೆಲಸ ಮಾಡುವವರನ್ನು ಕೇಳಿ

ನಿರ್ದೇಶಕರಷ್ಟೇ ಕೂತು ಪಟ್ಟಿ ಮಾಡಿದರೆ ಎಲ್ಲರಿಗೂ ಗೊತ್ತಿರುವ ಸಂಗತಿಗಳೇ ಬರುತ್ತವೆ: ಮಳೆ, ದರ, ಕಳ್ಳತನ. ತೂಕದವರನ್ನು, ಗೋದಾಮಿನ ಹಮಾಲರನ್ನು, ಕ್ಯಾಶಿಯರನ್ನು, ಲಾರಿ ಓಡಿಸುವವರನ್ನು ಒಬ್ಬೊಬ್ಬರನ್ನಾಗಿ ಕೇಳಿ. ಮೇಲಿನವರು ಪಕ್ಕದಲ್ಲಿ ಇರಬಾರದು. ‘ಇಲ್ಲಿ ಏನು ಕೈಕೊಡಬಹುದು ಅನ್ನಿಸುತ್ತದೆ?’ ಎಂಬ ಒಂದೇ ಪ್ರಶ್ನೆ ಸಾಕು. ಗೋದಾಮಿನ ಹಿಂದಿನ ಗೋಡೆ ಆಷಾಢದಲ್ಲಿ ಒಸರುತ್ತದೆ, ಸಾಲದ ತಂತ್ರಾಂಶದ ಪಾಸ್‌ವರ್ಡ್ ಒಬ್ಬನ ಹತ್ತಿರವೇ ಇದೆ, ಇಂಥ ವ್ಯಾಪಾರಿ ಮೊದಲು ವಾರದಲ್ಲಿ ಹಣ ಕೊಡುತ್ತಿದ್ದವರು ಈಗ ತಿಂಗಳು ಎಳೆಯುತ್ತಾರೆ. ಇವೆಲ್ಲ ಅವರ ಬಾಯಿಂದಲೇ ಬರಬೇಕು.

ಬರೆಯುವಾಗ ‘ಮಾರುಕಟ್ಟೆ ರಿಸ್ಕ್’ ಎಂದು ಸುಮ್ನೆ ಒಂದು ಹೆಸರು ಬರೆದು ಬಿಡಬೇಡಿ. ಕಾರಣ, ಘಟನೆ, ಪರಿಣಾಮ ಮೂರೂ ಒಂದೇ ವಾಕ್ಯದಲ್ಲಿ ಇರಲಿ. ‘ಮಾರ್ಚಿನಲ್ಲಿ ಸಂಘವೇ ನೇರ ಖರೀದಿ ಮಾಡಿದ ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಜೂನ್‌ವರೆಗೂ ಮಾರಾಟವಾಗದೆ ಉಳಿದು, ಅಷ್ಟರಲ್ಲಿ ದರ ಬಿದ್ದರೆ, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿನ ಕಂತು ಕಟ್ಟಲು ನಗದು ಇರುವುದಿಲ್ಲ.’ ಹೀಗೆ ಬರೆದರೆ ಎಲ್ಲಿ ಕೈ ಹಾಕಬೇಕು ಎಂಬುದೂ ಅಲ್ಲೇ ಕಾಣುತ್ತದೆ.

ಪಟ್ಟಿಯಲ್ಲಿ ಹೇಳಲು ಮನಸ್ಸಾಗದ ಸಂಗತಿಗಳೂ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಾವು ಒಪ್ಪಲಿ ಬಿಡಲಿ, ಅದನ್ನು ಮುಂದಿಟ್ಟುಕೊಂಡು ನಾಳೆ ಯಾವ ನಿಯಮವಾದರೂ ಬರಬಹುದು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದು ಬೆಳೆಗಾರರ ಪರ ಬಂದ ಆದೇಶ. ಇನ್ನೊಂದು ಆದೇಶ ವಿರುದ್ಧವೂ ಬರಬಹುದು, ಅಲ್ವಾ?

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮೀನುಗಾರರ ಸಂಘಗಳ ಪಟ್ಟಿ ಬೇರೆಯೇ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಇದು ಗೊತ್ತಿರುವ ಬಿಡುವು, ಅದಕ್ಕೆ ಹಣ ಎತ್ತಿಡಬಹುದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಂತೆ ಆ ಬಿಡುವಿಗೂ ಮುಂಚೆಯೇ ಕಡಲು ಕೆಟ್ಟರೆ ಕೈಯಲ್ಲಿ ಹಣ ಇಲ್ಲದ ದಿನಗಳು ಇನ್ನಷ್ಟು ಉದ್ದವಾಗುತ್ತವೆ.

ಅಳೆಯುವುದು: ಇಲ್ಲಿ ನಿಧಾನಿಸಿ

ಸಾಮಾನ್ಯವಾಗಿ ಹೇಳಿಕೊಡುವ ವಿಧಾನ ಹೀಗಿದೆ. ಆಗುವ ಸಾಧ್ಯತೆಗೆ 1ರಿಂದ 5 ಅಂಕ, ಆದರೆ ಬೀಳುವ ಪೆಟ್ಟಿಗೆ 1ರಿಂದ 5 ಅಂಕ, ಎರಡನ್ನೂ ಗುಣಿಸುವುದು. ಕಲಿಯಲು ಸುಲಭ, ಆದರೆ ಇದನ್ನು ಪೂರ್ತಿ ನಂಬಬಾರದು. ದಿನಾ ಆಗುವ ಸಣ್ಣ ತೂಕದ ವ್ಯತ್ಯಾಸಕ್ಕೆ 5 ಗುಣಿಸು 1, ಅಂದರೆ 5. ಹತ್ತು ವರ್ಷಕ್ಕೊಮ್ಮೆ ಬಂದು ಸಂಘವನ್ನೇ ಮುಚ್ಚಿಸಬಲ್ಲ ಘಟನೆಗೆ 1 ಗುಣಿಸು 5, ಅದೂ 5. ಕಾಗದದ ಮೇಲೆ ಎರಡೂ ಒಂದೇ. ಆದ್ದರಿಂದ ಅಂಕ ಹಾಕುವ ಮೊದಲೇ ಪ್ರತಿಯೊಂದಕ್ಕೂ ಕೇಳಿ: ‘ಇದು ಆದರೆ ಸಂಘ ಉಳಿಯುತ್ತದಾ?’ ಉಳಿಯುವುದಿಲ್ಲ ಅನ್ನಿಸಿದ್ದನ್ನು ಬೇರೆ ಹಾಳೆಗೆ ಎತ್ತಿಡಿ. ಅವುಗಳಿಗೆ ಅಂಕ ಬೇಡ, ಉಪಾಯ ಬೇಕು.

ಉಳಿಯುತ್ತದೋ ಇಲ್ಲವೋ ಎಂದು ಊಹೆಯಲ್ಲಿ ಹೇಳಬಾರದು, ರೂಪಾಯಿಯಲ್ಲಿ ಹೇಳಬೇಕು. ಷೇರು ಬಂಡವಾಳ ಮತ್ತು ಕಾಯ್ದಿಟ್ಟ ನಿಧಿ ಸೇರಿಸಿದರೆ ಸಂಘದ ಸ್ವಂತ ನಿಧಿ ಬರುತ್ತದೆ. ಎಷ್ಟೇ ನಷ್ಟವಾದರೂ ಮೊದಲು ಕರಗುವುದು ಅದು. ಅದು ಮುಗಿದ ಮೇಲೆ ಕರಗುವುದು ಠೇವಣಿದಾರರ ಹಣ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಹಾಕಿಕೊಳ್ಳೋಣ. ಶಿರಸಿ ಕಡೆಯ ಒಂದು ಸಂಘ. ಸ್ವಂತ ನಿಧಿ 80 ಲಕ್ಷ. ನೇರ ಖರೀದಿ ಮಾಡಿ ಗೋದಾಮಿನಲ್ಲಿಟ್ಟ ರಾಶಿ (ಬೇಯಿಸಿ ಒಣಗಿಸಿದ ಕೆಂಪು) ಅಡಿಕೆ 400 ಕ್ವಿಂಟಲ್, ಕ್ವಿಂಟಲ್‌ಗೆ 45,000ದಂತೆ 1 ಕೋಟಿ 80 ಲಕ್ಷದ ಮಾಲು. ಟೆಂಡರಿನಲ್ಲಿ ಅಡಿಕೆ ಕೊಂಡ ಒಬ್ಬ ದೊಡ್ಡ ವ್ಯಾಪಾರಿಯಿಂದ ಬರಬೇಕಾದ ಬಾಕಿ 50 ಲಕ್ಷ. ಸದಸ್ಯರಿಗೆ ಆ ಹಣವನ್ನು ಸಂಘ ಆಗಲೇ ಕೊಟ್ಟಾಗಿದೆ.

ದರ ಕ್ವಿಂಟಲ್‌ಗೆ 10,000 ಬಿದ್ದರೆ ನಷ್ಟ 40 ಲಕ್ಷ. ಸಂಘ ಉಳಿಯುತ್ತದೆ. ವ್ಯಾಪಾರಿ ಕೈ ಎತ್ತಿದರೆ ನಷ್ಟ 50 ಲಕ್ಷ. ಆಗಲೂ ಕಷ್ಟಪಟ್ಟು ಉಳಿಯುತ್ತದೆ. ಒಂದೊಂದನ್ನೇ ನೋಡಿದ ಮಂಡಳಿ ‘ಎರಡೂ ತಡೆದುಕೊಳ್ಳಬಹುದು’ ಎಂದು ಠರಾವು ಬರೆದು ಮುಂದಿನ ವಿಷಯಕ್ಕೆ ಹೋಗುತ್ತದೆ.

ಆದರೆ ವ್ಯಾಪಾರಿ ಯಾವಾಗ ಕೈ ಎತ್ತುತ್ತಾರೆ? ದರ ಬಿದ್ದಾಗಲೇ. ಏರುದರದಲ್ಲಿ ಕೊಂಡ ಮಾಲು ಅವರ ಹತ್ತಿರವೂ ಇರುತ್ತದೆ. ಎರಡೂ ಒಟ್ಟಿಗೆ ಬಂದರೆ 90 ಲಕ್ಷ. ಸ್ವಂತ ನಿಧಿ 80. ಅಲ್ಲಿಗೆ ಮುಗಿಯಿತು. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ದರ ಬಿದ್ದ ವರ್ಷ ಸದಸ್ಯರ ಬೆಳೆಸಾಲದ ಕಂತು ನಿಲ್ಲುತ್ತದೆ. ಅದೇ ವರ್ಷ ಮಳೆ ಜಾಸ್ತಿಯಾಗಿ ಕೊಳೆರೋಗ ಬಂದಿದ್ದರೆ ಮಾರಲು ಅಡಿಕೆಯೂ ಕಡಿಮೆ. ಊರಲ್ಲಿ ಗುಸುಗುಸು ಎದ್ದರೆ ಠೇವಣಿ ತೆಗೆಯಲು ಸಾಲು ನಿಲ್ಲುತ್ತದೆ. ನಮ್ಮ ಜಿಲ್ಲೆಯ ಸಂಘಗಳಲ್ಲಿ ಸಾಲಗಾರ, ಠೇವಣಿದಾರ, ಮಾಲು ತರುವವ ಎಲ್ಲರೂ ಒಂದೇ ಬೆಳೆ ನಂಬಿದವರು. ಆದ್ದರಿಂದ ಇಲ್ಲಿ ಅಪಾಯಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಅತಿ ಮುಖ್ಯ ಪ್ರಶ್ನೆ ಇದು: ‘ಇದರ ಜೊತೆಗೆ ಇನ್ನೇನು ಬರುತ್ತದೆ?’ ಪಟ್ಟಿಯ ಪ್ರತಿ ಸಾಲಿನ ಮುಂದೆ ಈ ಪ್ರಶ್ನೆಗೆ ಉತ್ತರ ಬರೆಯಿರಿ.

ಒಂದೇ ಕಡೆ ಹಣ ಕೂಡಿಬಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕು ಕಣ್ಣೆದುರೇ ಇದೆ. ಅದರ ಸಾಲದಲ್ಲಿ ಶೇ 70ಕ್ಕೂ ಹೆಚ್ಚು ಒಂದೇ ರಿಯಲ್ ಎಸ್ಟೇಟ್ ಸಮೂಹಕ್ಕೆ ಹೋಗಿತ್ತು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದದ್ದು 1000 ರೂಪಾಯಿ ಮಾತ್ರ.

ಮಿತಿ ಹಾಕಿ, ಠರಾವು ಮಾಡಿ

ಪ್ರತಿ ಅಪಾಯಕ್ಕೂ ನಾಲ್ಕು ದಾರಿ ಇವೆ. ಆ ವ್ಯವಹಾರವನ್ನೇ ಬಿಡುವುದು, ಕಡಿಮೆ ಮಾಡುವುದು, ವಿಮೆ ಮಾಡಿಸಿ ಬೇರೆಯವರಿಗೆ ದಾಟಿಸುವುದು, ಗೊತ್ತಿದ್ದೇ ಹೊತ್ತುಕೊಳ್ಳುವುದು. ಮೇಲಿನ ಸಂಘ ಏನು ಮಾಡಬಹುದು? ಒಬ್ಬ ವ್ಯಾಪಾರಿಯ ಬಾಕಿ ಸ್ವಂತ ನಿಧಿಯ ಇಷ್ಟು ಭಾಗಕ್ಕಿಂತ ಮೇಲೆ ಹೋಗಬಾರದು, ಬ್ಯಾಂಕ್ ಗ್ಯಾರಂಟಿ ಇಲ್ಲದೆ ಇಷ್ಟು ದಿನಕ್ಕಿಂತ ಹೆಚ್ಚು ಉದ್ದರಿ ಇಲ್ಲ, ನೇರ ಖರೀದಿಯ ದಾಸ್ತಾನು ಇಷ್ಟು ಕ್ವಿಂಟಲ್ ಮೀರಬಾರದು ಎಂದು ಅಂಕಿ ಸಮೇತ ಠರಾವು ಮಾಡಬಹುದು. ‘ಎಚ್ಚರಿಕೆಯಿಂದ ವ್ಯವಹರಿಸತಕ್ಕದ್ದು’ ಎಂಬ ಠರಾವಿನಿಂದ ಏನೂ ಉಪಯೋಗವಿಲ್ಲ. ಅದನ್ನು ಮೀರಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ವಿಮೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ‘ಗೋದಾಮಿಗೆ ಇನ್ಶೂರೆನ್ಸ್ ಇದೆ’ ಎಂದು ಹೇಳಿ ಎಲ್ಲರೂ ಸಮಾಧಾನಪಡುತ್ತಾರೆ. ಪಾಲಿಸಿ ತೆಗೆದು ವಿಮಾ ಮೊತ್ತ ಎಷ್ಟು ಅಂತ ನೋಡಿ. 1 ಕೋಟಿ 80 ಲಕ್ಷದ ಮಾಲಿದ್ದಾಗ ವಿಮೆ 90 ಲಕ್ಷಕ್ಕಿದ್ದರೆ, ಬೆಂಕಿಯಲ್ಲೋ ನೆರೆಯಲ್ಲೋ 40 ಲಕ್ಷದ ಮಾಲು ಹೋದರೂ ಪರಿಹಾರ ಬರುವುದು ಸುಮಾರು 20 ಲಕ್ಷ. ಅರ್ಧಕ್ಕೆ ವಿಮೆ ಮಾಡಿಸಿದರೆ ಅರ್ಧ ನಷ್ಟ ನಿಮ್ಮದೇ ಎಂಬುದು ವಿಮೆಯ ಹಳೆಯ ನಿಯಮ. ಒಂದು ಜಾಗದ ಆಸ್ತಿ ಮತ್ತು ದಾಸ್ತಾನು 5 ಕೋಟಿವರೆಗೆ ಇರುವವರಿಗೆ 2021ರ ಏಪ್ರಿಲ್‌ನಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಇದೆ. ಅದರಲ್ಲಿ ವಿಮಾ ಮೊತ್ತ ಮಾಲಿನ ಬೆಲೆಗಿಂತ ಶೇ 15ರವರೆಗೆ ಕಡಿಮೆ ಇದ್ದರೂ ಮನ್ನಿಸುತ್ತಾರೆ. ನೆರೆ, ಚಂಡಮಾರುತ, ಭೂಕುಸಿತವೂ ಅದರಲ್ಲಿ ಸೇರುತ್ತವೆ. ನಮ್ಮ ಘಟ್ಟದ ಬುಡದಲ್ಲಿ ಗೋದಾಮು ಇರುವವರು ಇದನ್ನು ಕೇಳಿಯೇ ಕೇಳಬೇಕು. ಮಳೆಗಾಲದ ತೇವಕ್ಕೆ ದಿನ ಕಳೆದಂತೆ ಹಿಡಿದ ಬೂಷ್ಟಿಗೆ ಮಾತ್ರ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಅದಕ್ಕೆ ಚಾವಣಿ ದುರಸ್ತಿ ಮಾಡಿಸಿ, ಚೀಲಗಳ ಕೆಳಗೆ ಹಲಗೆ ಹಾಕಿಸಿ.

ಯಾರು ನೋಡಬೇಕು, ಏನು ಕಂಡರೆ ಹೇಳಬೇಕು

ಪ್ರತಿ ಅಪಾಯದ ಮುಂದೆ ಒಬ್ಬರ ಹೆಸರು ಇರಲಿ. ‘ಸಿಬ್ಬಂದಿ’ ಎಂದು ಬರೆದರೆ ಯಾರೂ ನೋಡುವುದಿಲ್ಲ. ಜೊತೆಗೆ ಒಂದು ಮುನ್ಸೂಚನೆ, ಅದೂ ಅಂಕಿಯಲ್ಲಿ. ವ್ಯಾಪಾರಿಯ ಹಣ 15 ದಿನ ದಾಟಿದರೆ ಆ ದಿನವೇ ಅಧ್ಯಕ್ಷರಿಗೆ ತಿಳಿಸಬೇಕು. ಜಿಲ್ಲೆಗೆ ರೆಡ್ ಅಲರ್ಟ್ ಬಂದರೆ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಲಾರಿ ಇಳಿಸುವ ಮುನ್ನ ವ್ಯವಸ್ಥಾಪಕರನ್ನು ಕೇಳಬೇಕು. ಸಾಲ ಮಂಜೂರು ಮಾಡುವವರು, ಹಣ ಕೊಡುವವರು, ಲೆಕ್ಕ ಬರೆಯುವವರು ಒಬ್ಬರೇ ಆಗಿರಬಾರದು. ಸಣ್ಣ ಸಂಘದಲ್ಲಿ ಜನ ಕಡಿಮೆ ಅನ್ನುವುದು ನಿಜ. ಹಾಗಿದ್ದರೆ ತಿಂಗಳಿಗೊಮ್ಮೆ ಒಬ್ಬ ನಿರ್ದೇಶಕರು ಬ್ಯಾಂಕ್ ಪಾಸ್‌ಬುಕ್ ಹಿಡಿದು ಲೆಕ್ಕ ತಾಳೆ ನೋಡಲಿ. ಉತ್ಪಾದಕ ಕಂಪನಿಗಳಿಗಂತೂ ಚಾರ್ಟರ್ಡ್ ಅಕೌಂಟೆಂಟರಿಂದ ಆಂತರಿಕ ಲೆಕ್ಕಪರಿಶೋಧನೆ ಕಡ್ಡಾಯ.

ನಮ್ಮ ಕಡೆ ದೊಡ್ಡ ತೊಡಕು ಬೇರೆಯೇ ಇದೆ. ಮಂಡಳಿಯಲ್ಲಿ ಕೂತವರೆಲ್ಲ ನೆಂಟರು, ಇಲ್ಲವೇ ಪಕ್ಕದ ಊರಿನವರು. ಬಾಕಿ ಇಟ್ಟವರೂ ಅಷ್ಟೇ. ‘ಹೆಗಡೇರೆ, ನಿಮ್ಮ ಭಾವನ ಸಾಲ ಯಾಕೆ ಕಟ್ಟಿಲ್ಲ?’ ಎಂದು ತುಂಬಿದ ಸಭೆಯಲ್ಲಿ ಯಾರು ಕೇಳುತ್ತಾರೆ? ನಿಷ್ಠುರ ಕಟ್ಟಿಕೊಳ್ಳುವುದು ಯಾಕೆ ಎಂದು ಎಲ್ಲರೂ ಚಾ ಕುಡಿದು ಎದ್ದು ಬರುತ್ತಾರೆ. ಇದಕ್ಕೆ ಎರಡು ಕಟ್ಟಳೆ ಮಾಡಿಕೊಳ್ಳಿ. ತನ್ನ ಸಂಬಂಧಿಕರ ವಿಷಯ ಬಂದಾಗ ಆ ನಿರ್ದೇಶಕರು ಹೊರಗೆ ಹೋಗಬೇಕು, ಹೋದದ್ದು ನಡಾವಳಿಯಲ್ಲಿ ಬರಬೇಕು. ಎರಡನೆಯದು, ಪ್ರತಿ ಸಭೆಗೆ ಒಬ್ಬ ನಿರ್ದೇಶಕರನ್ನು ಸರದಿಯಂತೆ ನೇಮಿಸಿ. ಆ ದಿನ ಕಹಿ ಪ್ರಶ್ನೆ ಕೇಳುವುದು ಅವರ ಕೆಲಸ. ಕೇಳಿದ್ದು ಸರದಿಯ ಪ್ರಕಾರ ಎಂದು ಎಲ್ಲರಿಗೂ ಗೊತ್ತಿದ್ದರೆ ಯಾರಿಗೂ ಮನಸ್ತಾಪ ಇಲ್ಲ. ಒಪ್ಪದವರ ಭಿನ್ನಾಭಿಪ್ರಾಯವನ್ನೂ ಅವರ ಹೆಸರಿನ ಜೊತೆ ಬರೆಯಿರಿ.

ಎಷ್ಟು ಸಲ ಕೂರಬೇಕು?

ಐಎಲ್ ಅಂಡ್ ಎಫ್‌ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆಯಲ್ಲಿ ರಿಸ್ಕ್ ನೋಡಲು ಸಮಿತಿ ಇತ್ತು. 2015ರಿಂದ 2018ರವರೆಗೆ ಅದು ಸಭೆ ಸೇರಿದ್ದು ಒಂದೇ ಸಲ. 2018ರಲ್ಲಿ 90 ಸಾವಿರ ಕೋಟಿಗೂ ಹೆಚ್ಚು ಸಾಲದೊಂದಿಗೆ ಆ ಸಂಸ್ಥೆ ಕುಸಿಯಿತು, ಸರ್ಕಾರ ಮಂಡಳಿಯನ್ನೇ ಬದಲಿಸಬೇಕಾಯಿತು.

ನಮಗೆ ನಮ್ಮ ಋತುಮಾನವೇ ಕ್ಯಾಲೆಂಡರ್. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಗೋದಾಮು, ದಾರಿ, ವಿಮೆ ನೋಡಿ. ಅಕ್ಟೋಬರಿನಲ್ಲಿ, ಕೊಯ್ಲಿಗೆ ಮುಂಚೆ, ವ್ಯಾಪಾರಿಗಳ ಮಿತಿ, ದಾಸ್ತಾನಿನ ಮಿತಿ, ಕೊಳೆ ಎಷ್ಟಾಗಿದೆ ಎಂಬ ಅಂದಾಜು ನೋಡಿ. ಫೆಬ್ರವರಿ ಕೊನೆಗೆ, ವರ್ಷದ ಲೆಕ್ಕ ಮುಗಿಯುವ ಮುನ್ನ, ಸಾಲದ ಬಾಕಿ ನೋಡಿ. ಪ್ರತಿ ಸಲ ಹಳೆಯ ಹಾಳೆಯನ್ನು ಮುಂದಿಟ್ಟುಕೊಂಡು ಯಾವ ಮಿತಿ ಮೀರಿದೆ, ಯಾರು ತಿಳಿಸಿದರು, ಏನು ಮಾಡಿದೆವು ಎಂದು ಬರೆಯಬೇಕು. ಪಟ್ಟಿ ಎರಡು ಪುಟ ದಾಟುವುದು ಬೇಡ. ಉದ್ದವಾದರೆ ಯಾರೂ ಓದುವುದಿಲ್ಲ.

ಸೆಪ್ಟೆಂಬರಿನಲ್ಲಿ ವಾರ್ಷಿಕ ಸಭೆ ಬರುತ್ತದೆ. ವರದಿಯ ಪುಸ್ತಕದಲ್ಲಿ ಲಾಭ, ಡಿವಿಡೆಂಡಿನ ಪಕ್ಕದಲ್ಲೇ ಮೂರು ಅಂಕಿ ಅಚ್ಚಾಗಲಿ: ಅತಿ ದೊಡ್ಡ ಬಾಕಿದಾರರಿಂದ ಬರಬೇಕಾದ ಮೊತ್ತ ಸ್ವಂತ ನಿಧಿಯ ಶೇಕಡಾ ಎಷ್ಟು, ಮಾರಾಟವಾಗದೆ ಉಳಿದ ದಾಸ್ತಾನು ಎಷ್ಟು, ಅದಕ್ಕೆ ವಿಮೆ ಎಷ್ಟು. ಮಂಡಳಿ ತಾನಾಗಿ ಅಚ್ಚು ಹಾಕದಿದ್ದರೆ ಸದಸ್ಯರು ಸಭೆಗೆ ಮುಂಚೆಯೇ ಬರವಣಿಗೆಯಲ್ಲಿ ಕೇಳಲಿ.