ಉಣ್ಣೆ ರಗ್ಗಿನ ಮೇಲೆ ನಾಯಿ ಉಚ್ಚೆ: ನಾನು ಮಾಡುವ ರೀತಿ

ನಮ್ಮ ಮನೆಯ ಹಾಲ್‌ನಲ್ಲಿ ಹಾಸಿರುವುದು ಬೈಲುಕುಪ್ಪೆಯ ಟಿಬೆಟನ್ನರು ಕೈಯಲ್ಲಿ ನೇಯ್ದ ಉಣ್ಣೆ ರಗ್ಗು. ನಾಯಿಗೆ ವಯಸ್ಸಾಗಿದೆ, ಉಚ್ಚೆ ತಡೆದುಕೊಳ್ಳಲು ಆಗುವುದಿಲ್ಲ. ರಗ್ಗನ್ನು ಸುತ್ತಿ ಅಟ್ಟಕ್ಕೆ ಹಾಕಲೂ ಮನಸ್ಸಿಲ್ಲ, ನಾಯಿಯನ್ನು ಹೊರಗೆ ಕಟ್ಟಲೂ ಮನಸ್ಸಿಲ್ಲ. ಹಾಗಾಗಿ ಕಲೆ ತೆಗೆಯುವುದನ್ನೇ ಸರಿಯಾಗಿ ಕಲಿತೆ.

ಉಣ್ಣೆ ಅಂದ್ರೆ ಕುರಿಯ ಕೂದಲು. ನಮ್ಮ ತಲೆಗೂದಲಿನ ಹಾಗೆ ಅದೂ ಪ್ರೋಟೀನೇ. ಕ್ಷಾರ ಅದಕ್ಕೆ ಆಗಿಬರುವುದಿಲ್ಲ. ಸೋಪಿನ ಪುಡಿ, ವಾಷಿಂಗ್ ಸೋಡಾ, ಆಕ್ಸಿಜನ್ ಬ್ಲೀಚ್ ಪುಡಿ ಯಾವುದನ್ನೂ ಹತ್ತಿರ ತರಬೇಡಿ. ಕ್ಲೋರಿನ್ ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ವಿಷದ ಗಾಳಿಯೂ ಏಳುತ್ತದೆ. ಫಿನಾಯಿಲ್ ಕೂಡ ಬೇಡ, ಮನೆಯಲ್ಲಿ ಬೆಕ್ಕಿದ್ದರಂತೂ ಖಂಡಿತ ಬೇಡ.

ಉಚ್ಚೆ ಹಸಿಯಾಗಿದ್ದಾಗಲೇ ಅರ್ಧ ಕೆಲಸ ಮುಗಿಯಬೇಕು. ಹಳೆಯ ಬಿಳಿ ಟವೆಲ್ ಮಡಚಿಟ್ಟು, ಮೇಲೆ ನಿಂತು ಒತ್ತುತ್ತೇನೆ. ಟವೆಲ್ ಒಣಗಿಯೇ ಬರುವ ತನಕ ಬದಲಿಸುತ್ತೇನೆ. ಉಜ್ಜುವುದಿಲ್ಲ. ಉಜ್ಜಿದರೆ ಎಳೆಗಳು ಸಿಕ್ಕುಬಿದ್ದು ಗಂಟಾಗುತ್ತವೆ, ಆಮೇಲೆ ಬಿಡಿಸಲು ಬರುವುದಿಲ್ಲ.

ನಂತರ ಒಂದು ಲೋಟ ಬಿಳಿ ವಿನೆಗರ್‌ಗೆ ನಾಲ್ಕು ಲೋಟ ತಣ್ಣೀರು. ಮೊದಲು ಮೂಲೆಯಲ್ಲಿ ಸ್ವಲ್ಪ ಹಚ್ಚಿ, ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಡುತ್ತದಾ ನೋಡಿ. ಬಿಟ್ಟರೆ ಅಲ್ಲಿಗೇ ನಿಲ್ಲಿಸಿ, ಕಾರ್ಪೆಟ್ ತೊಳೆಯುವವರಿಗೆ ಕೊಡಿ. ಬಿಡದಿದ್ದರೆ ಕಲೆಯ ಮೇಲೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿ ತೆಗೆಯಿರಿ. ಉಚ್ಚೆ ಹಳತಾದಷ್ಟೂ ಕ್ಷಾರವಾಗುತ್ತದೆ, ವಿನೆಗರ್‌ನ ಹುಳಿ ಅದನ್ನು ತಗ್ಗಿಸುತ್ತದೆ. ವಾಸನೆ ಉಳಿದರೆ ಉಣ್ಣೆ ಬಟ್ಟೆಗೆಂದೇ ಸಿಗುವ ಲಿಕ್ವಿಡ್ ಎರಡು ಹನಿ ನೀರಲ್ಲಿ ಕಲಸಿ ಒರೆಸುತ್ತೇನೆ, ಕೊನೆಗೆ ಬರೀ ನೀರು. ಎನ್‌ಜೈಮ್ ಸ್ಪ್ರೇ ತರುವುದಾದರೆ ಉಣ್ಣೆಗೆ ಆಗುತ್ತದೆ ಅಂತ ಬಾಟಲಿ ಮೇಲೆ ಬರೆದಿರಬೇಕು. ಪ್ರೋಟಿಯೇಸ್, ಅಂದ್ರೆ ಪ್ರೋಟೀನ್ ಒಡೆಯುವ ಎನ್‌ಜೈಮ್, ಇರುವಂಥದ್ದು ಕಲೆಯ ಜೊತೆ ಉಣ್ಣೆಯನ್ನೂ ತಿನ್ನುತ್ತದೆ.

ನನ್ನ ಲೆಕ್ಕದಲ್ಲಿ ಒಣಗಿಸುವುದೇ ದೊಡ್ಡ ಕೆಲಸ, ಮಳೆಗಾಲದಲ್ಲಂತೂ ಜಾಸ್ತಿ. ಮೇಲೆ ಮುಟ್ಟಿದರೆ ಒಣಗಿದೆ ಅನಿಸುತ್ತದೆ, ಉಣ್ಣೆಯನ್ನು ಹಿಡಿದಿರುವ ಒಳಗಿನ ಹತ್ತಿ ನೂಲು ಇನ್ನೂ ಹಸಿಯಾಗಿರುತ್ತದೆ. ಹಾಗೇ ಬಿಟ್ಟರೆ ಬೂಷ್ಟು. ನೆನೆದ ಭಾಗವನ್ನು ಎರಡು ಕುರ್ಚಿಗಳ ನಡುವೆ ಎತ್ತಿ ಕಟ್ಟಿ, ಫ್ಯಾನಿನ ಗಾಳಿ ಎರಡೂ ಕಡೆಯಿಂದ ಆಡುವ ಹಾಗೆ ಮಾಡುತ್ತೇನೆ. ಸುಡುಬಿಸಿಲಿಗೆ ಹಾಕುವುದಿಲ್ಲ, ಬಣ್ಣ ಮಾಸುತ್ತದೆ. ಒಣಗಿದ ಮೇಲೆ ಹಿಂಬದಿಗೆ ಮೂಗಿಟ್ಟು ನೋಡುತ್ತೇನೆ. ಅಲ್ಲಿ ವಾಸನೆ ಉಳಿದಿದ್ದರೆ ನಾಯಿ ಅದೇ ಜಾಗಕ್ಕೆ ಮತ್ತೆ ಬರುತ್ತದೆ.

ಹಳೆಯ ಕಲೆಯ ವಿಷಯ ಬೇರೆ. ವಾಸನೆ ತಗ್ಗಿಸಬಹುದು, ಆದರೆ ಹಾರಿಹೋದ ಬಣ್ಣ ತೊಳೆದರೆ ವಾಪಸ್ ಬರುವುದಿಲ್ಲ.

ಇಲ್ಲಿಯ ತನಕ ಸರಿಯಾಗಿದ್ದ ನಾಯಿ ಅಥವಾ ಬೆಕ್ಕು ಇದ್ದಕ್ಕಿದ್ದಂತೆ ಮನೆಯೊಳಗೆ ಉಚ್ಚೆ ಹೊಯ್ಯತೊಡಗಿದರೆ ಬೈಯಬೇಡಿ, ಡಾಕ್ಟರಿಗೆ ತೋರಿಸಿ. ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬರುತ್ತಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕರೆದುಕೊಂಡು ಹೋಗಿ.