ಲೋಕಲ್‌ಹೋಸ್ಟ್ ತೆರೆಯುತ್ತಿಲ್ಲವೇ? ಮೊದಲು ಎರರ್ ಓದಿ

ಬೆಂಗಳೂರಿನ ಪಿಜಿಗಳಲ್ಲಿ ಕೂತು ಪ್ರಾಜೆಕ್ಟ್ ಮುಗಿಸುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುವ ವೆಬ್ ಸರ್ವರ್ ಲೋಕಲ್‌ಹೋಸ್ಟ್ (ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ಹೆಸರು) ಎಂಬ ವಿಳಾಸ ಹಾಕಿದರೂ ಬ್ರೌಸರ್‌ನಲ್ಲಿ ತೆರೆಯುತ್ತಿಲ್ಲ ಎಂದ ತಕ್ಷಣ ಎಲ್ಲವನ್ನೂ ಅನ್‌ಇನ್‌ಸ್ಟಾಲ್ ಮಾಡಬೇಡಿ. ಝಾಂಪ್ (ಅಪಾಚೆ ವೆಬ್ ಸರ್ವರ್ ಮತ್ತು ಡೇಟಾಬೇಸ್ ಒಟ್ಟಿಗೆ ಬರುವ ಪ್ಯಾಕೇಜ್) ಬಳಸುವವರಂತೂ ಹುಷಾರಾಗಿರಬೇಕು. ನಿಮ್ಮ ಡೇಟಾಬೇಸ್ ಟೇಬಲ್‌ಗಳು ಇರುವುದು ಅದೇ ಫೋಲ್ಡರ್ ಒಳಗೆ, ಮೈಎಸ್‌ಕ್ಯೂಎಲ್‌ನ ಡೇಟಾ ಫೋಲ್ಡರ್‌ನಲ್ಲಿ. ಝಾಂಪ್ ಕಿತ್ತು ಹಾಕಿದರೆ ತಿಂಗಳುಗಟ್ಟಲೆ ಮಾಡಿದ ಕೆಲಸವೂ ಅದರ ಜೊತೆ ಹೋಗಬಹುದು. ಇಷ್ಟು ದೂರ ಹೋಗುವ ಅಗತ್ಯ ಬರುವುದೇ ಅಪರೂಪ.

ಇನ್ನೊಂದು ವಿಷಯ. ಕರೆಂಟ್ ಹೋಗಿ ವೈಫೈ ನಿಂತರೂ ಲೋಕಲ್‌ಹೋಸ್ಟ್ ನಡೆಯಬೇಕು, ಅದಕ್ಕೆ ಇಂಟರ್‌ನೆಟ್ ಬೇಡ. ನೆಟ್ ಇಲ್ಲದಾಗ ಪುಟ ಬಂತು, ಆದರೆ ಬಣ್ಣ, ವಿನ್ಯಾಸ ಏನೂ ಇಲ್ಲ ಎಂದರೆ ಬೂಟ್‌ಸ್ಟ್ರ್ಯಾಪ್ (ಸಿದ್ಧ ವಿನ್ಯಾಸ) ಅಥವಾ ಫಾಂಟ್ ಫೈಲ್‌ಗಳನ್ನು ನೀವು ಹೊರಗಿನ ಸರ್ವರ್‌ನಿಂದ ತರಿಸುತ್ತಿದ್ದೀರಿ ಎಂದರ್ಥ. ಡೆಮೊಗೆ ಮುಂಚೆ ಅವನ್ನು ನಿಮ್ಮ ಫೋಲ್ಡರ್‌ಗೇ ಇಳಿಸಿಕೊಳ್ಳಿ.

ಈಗ ಬ್ರೌಸರ್ ಏನು ಹೇಳುತ್ತಿದೆ ಎಂದು ಸರಿಯಾಗಿ ಓದಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. 404 (ಪುಟ ಸಿಗಲಿಲ್ಲ) ಅಥವಾ 500 (ಸರ್ವರ್ ಒಳಗೆ ತಪ್ಪು) ಎಂದು ಬಂದರೆ ಸಾಮಾನ್ಯವಾಗಿ ಕನೆಕ್ಷನ್ ಸರಿಯಾಗೇ ಇದೆ, ಸರ್ವರ್ ಉತ್ತರ ಕೊಟ್ಟಿದೆ. ತಪ್ಪು ನಿಮ್ಮ ವಿಳಾಸದಲ್ಲೋ ಕೋಡ್‌ನಲ್ಲೋ ಇದೆ, ನೆಟ್‌ವರ್ಕ್ ಸೆಟ್ಟಿಂಗ್ ಮುಟ್ಟಬೇಡಿ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಹೆಚ್ಚಾಗಿ ಆ ಪೋರ್ಟ್‌ನಲ್ಲಿ (ಸರ್ವರ್‌ನ ಬಾಗಿಲ ನಂಬರ್) ಯಾವ ಪ್ರೋಗ್ರಾಮೂ ಇಲ್ಲ. ತುಂಬಾ ಹೊತ್ತು ಸುತ್ತಿ ಸುತ್ತಿ ‘ಟೈಮ್ಡ್ ಔಟ್’ ಎಂದರೆ ನಡುವೆ ಫೈರ್‌ವಾಲ್ ತಡೆಯುತ್ತಿರಬಹುದು, ಇಲ್ಲವೇ ಐಪಿ ವಿಳಾಸ ತಪ್ಪಿರಬಹುದು.

ಜಾಸ್ತಿ ಜನರಿಗೆ ಬರುವುದು ರೆಫ್ಯೂಸ್ಡ್. ಸರ್ವರ್ ಶುರು ಮಾಡಿದ ಟರ್ಮಿನಲ್ ಕಿಟಕಿಗೆ ಹೋಗಿ ಕೊನೆಯ ಸಾಲುಗಳನ್ನು ನೋಡಿ. ಅಲ್ಲಿ ಕೆಂಪು ಅಕ್ಷರದಲ್ಲಿ ಎರರ್ ಬಂದು ಸರ್ವರ್ ನಿಂತಿರುತ್ತದೆ, ನಾವು ಬ್ರೌಸರ್‌ನಲ್ಲಿ ಸುಮ್ನೆ ರಿಫ್ರೆಶ್ ಒತ್ತುತ್ತಿರುತ್ತೇವೆ. ಸರ್ವರ್ ನಡೆಯುತ್ತಿದ್ದರೆ ಪೋರ್ಟ್ ನಂಬರ್ ನೋಡಿ. ಒಂದೇ ಕಾಂಪ್ಲೆಕ್ಸ್‌ನಲ್ಲಿ ಅಂಗಡಿಗೊಂದು ನಂಬರ್ ಇರುವಂತೆ ಒಂದೇ ಕಂಪ್ಯೂಟರ್‌ನಲ್ಲಿ ಸರ್ವರ್‌ಗೊಂದು ಪೋರ್ಟ್. ಸೈಟ್ ಕಟ್ಟುವ, ನಡೆಸುವ ಟೂಲ್‌ಗಳಲ್ಲಿ ಜ್ಯಾಂಗೊ ಮಾಮೂಲಾಗಿ 8000, ಟಾಮ್‌ಕ್ಯಾಟ್ 8080, ಫ್ಲಾಸ್ಕ್ 5000, ವೀಟ್ 5173. ವೀಟ್‌ನ ಒಂದು ಗುಣ ನೆನಪಿಡಿ: 5173 ಖಾಲಿ ಇಲ್ಲದಿದ್ದರೆ ಅದು ತಾನಾಗಿಯೇ 5174ಕ್ಕೆ ಹೋಗುತ್ತದೆ. ನೀವು ಹಳೆಯ ಟ್ಯಾಬ್‌ನಲ್ಲಿ ಹಳೆಯ ನಂಬರನ್ನೇ ನೋಡುತ್ತಾ, ಬದಲಾವಣೆ ಏಕೆ ಕಾಣಿಸುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತೀರಿ.

‘ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ’ ಎಂಬ ಎರರ್ ಬಂದರೆ ಅದನ್ನು ಹಿಡಿದು ಕೂತವರು ಯಾರು ಎಂದು ಪತ್ತೆ ಮಾಡಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಸ್ಟ್ಯಾಟ್ ಎಂದು ಟೈಪ್ ಮಾಡಿ. ಒಂದು ಜಾಗ ಬಿಟ್ಟು ಹೈಫನ್, ಅದಕ್ಕೆ ಅಂಟಿಕೊಂಡು ಎ, ಎನ್, ಒ ಎಂಬ ಮೂರು ಅಕ್ಷರ ಹಾಕಿ ಎಂಟರ್ ಒತ್ತಿ. ಉದ್ದನೆಯ ಪಟ್ಟಿ ಬರುತ್ತದೆ. ನಿಮ್ಮ ಪೋರ್ಟ್ ನಂಬರ್ ಮತ್ತು ‘ಲಿಸನಿಂಗ್’ ಎರಡೂ ಇರುವ ಸಾಲಿನ ಕೊನೆಯ ಅಂಕಿಯೇ ಆ ಪ್ರೋಗ್ರಾಮಿನ ಪ್ರೊಸೆಸ್ ಐಡಿ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಆ ಅಂಕಿ ಹುಡುಕಿದರೆ ಹೆಸರು ಸಿಗುತ್ತದೆ. ಎಷ್ಟೋ ಸಲ ಅದು ನೆನ್ನೆ ನೀವೇ ಬಿಟ್ಟ ಹಳೆಯ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮ್) ಆಗಿರುತ್ತದೆ, ಮುಚ್ಚಿದರೆ ಆಯಿತು. 80ನೇ ಪೋರ್ಟ್‌ನಲ್ಲಿ ಅಂಕಿ 4 ಎಂದಿದ್ದರೆ ಅದು ವಿಂಡೋಸ್ ಸಿಸ್ಟಂ, ಸಾಮಾನ್ಯವಾಗಿ ವಿಂಡೋಸ್‌ನದೇ ವೆಬ್ ಸರ್ವರ್ ಆದ ಐಐಎಸ್. ಅದನ್ನು ಬಲವಂತವಾಗಿ ನಿಲ್ಲಿಸಬೇಡಿ. ಸರ್ವಿಸಸ್‌ಗೆ ಹೋಗಿ ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್ ಇದ್ದರೆ ನಿಲ್ಲಿಸಿ, ಅಥವಾ ಅಪಾಚೆಯ ಪೋರ್ಟನ್ನೇ 8080 ಮಾಡಿ.

ಮ್ಯಾಕ್ ಇರುವ ಫ್ಲಾಸ್ಕ್ ಬಳಕೆದಾರರಿಗೆ ಬೇರೆಯದೇ ತಲೆನೋವು. 2021ರಲ್ಲಿ ಬಂದ ಮಾಂಟೆರೆ ಆವೃತ್ತಿಯಿಂದ ಏರ್‌ಪ್ಲೇ ರಿಸೀವರ್ 5000 ಪೋರ್ಟ್ ಹಿಡಿದುಕೊಳ್ಳುತ್ತದೆ. ಬ್ರೌಸರ್‌ನಲ್ಲಿ 403 (ಅನುಮತಿ ಇಲ್ಲ) ಕಾಣಿಸುತ್ತದೆ, ಕೋಡ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಏರ್‌ಪ್ಲೇ ರಿಸೀವರ್ ಆಫ್ ಮಾಡಿ, ಇಲ್ಲವೇ ಫ್ಲಾಸ್ಕ್‌ಗೆ 5001 ಕೊಡಿ.

ಎಲ್ಲ ಸರಿಯಿದ್ದೂ ತೆರೆಯುತ್ತಿಲ್ಲವಾ? ಲೋಕಲ್‌ಹೋಸ್ಟ್ ಎಂಬ ಹೆಸರಿನ ಬದಲು 127.0.0.1 ಹಾಕಿ ನೋಡಿ. ಆ ಹೆಸರಿಗೆ ಎರಡು ವಿಳಾಸಗಳಿವೆ: ಹಳೆಯ ಮಾದರಿ ಐಪಿವಿ4ರ 127.0.0.1 ಮತ್ತು ಹೊಸ ಮಾದರಿ ಐಪಿವಿ6ರ ::1. ಸರ್ವರ್ ಒಂದರಲ್ಲಿ, ಕರೆ ಇನ್ನೊಂದಕ್ಕೆ ಎಂದಾದರೆ ರೆಫ್ಯೂಸ್ಡ್ ಬರುತ್ತದೆ. 2021ರ ನೋಡ್ 17ರಿಂದ ಇದು ಹೆಚ್ಚಾಗಿದೆ. ಆಗಿನಿಂದ ನೋಡ್, ಸಿಸ್ಟಂ ಯಾವ ಕ್ರಮದಲ್ಲಿ ವಿಳಾಸ ಕೊಡುತ್ತದೋ ಅದೇ ಕ್ರಮದಲ್ಲಿ ಬಳಸುತ್ತದೆ, ಐಪಿವಿ4 ಮೊದಲು ಎಂಬ ಹಳೆಯ ನಿಯಮ ಹೋಯಿತು. ಫ್ರಂಟ್‌ಎಂಡ್‌ನಿಂದ (ಕಣ್ಣಿಗೆ ಕಾಣುವ ಭಾಗ) ಬ್ಯಾಕ್‌ಎಂಡ್‌ಗೆ (ಹಿಂದಿನ ಸರ್ವರ್ ಭಾಗ) ಕೊಡುವ ಪ್ರಾಕ್ಸಿ (ಮಧ್ಯವರ್ತಿ) ವಿಳಾಸದಲ್ಲಿ ಹೆಸರು ತೆಗೆದು ಅಂಕಿಯನ್ನೇ ಬರೆದರೆ ಈ ಕಾಟ ತಪ್ಪುತ್ತದೆ.

ಆಫೀಸ್ ಲ್ಯಾಪ್‌ಟಾಪ್ ಆದರೆ ವಿಪಿಎನ್ ಆಫ್ ಮಾಡಿ ಒಮ್ಮೆ ನೋಡಿ. ಪ್ರಾಕ್ಸಿ ಸೆಟ್ಟಿಂಗ್‌ನ ವಿನಾಯಿತಿ ಪಟ್ಟಿಯಲ್ಲಿ ಲೋಕಲ್‌ಹೋಸ್ಟ್ ಇರಬೇಕು. ಅದನ್ನು ಬದಲಿಸಲು ನಿಮಗೆ ಅನುಮತಿ ಇಲ್ಲದಿದ್ದರೆ ಐಟಿ ವಿಭಾಗಕ್ಕೆ ಟಿಕೆಟ್ ಹಾಕಿ, ಕಳ್ಳದಾರಿ ಹುಡುಕಬೇಡಿ.

ಕೊನೆಗೆ, ಸೈಟನ್ನು ಮೊಬೈಲ್‌ನಲ್ಲಿ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಮೊಬೈಲ್‌ನಲ್ಲಿ ಲೋಕಲ್‌ಹೋಸ್ಟ್ ಎಂದು ಹಾಕಿದರೆ ಅದು ಮೊಬೈಲನ್ನೇ ಹುಡುಕುತ್ತದೆ. ಬೇರೆ ಸಾಧನಗಳ ಕರೆಯನ್ನೂ ತೆಗೆದುಕೊಳ್ಳುವಂತೆ ಸರ್ವರ್ ಅನ್ನು 0.0.0.0 ವಿಳಾಸದಲ್ಲಿ ಶುರು ಮಾಡಿ, ಎರಡೂ ಒಂದೇ ವೈಫೈನಲ್ಲಿರಲಿ. ಮೊಬೈಲ್ ಬ್ರೌಸರ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ ಮತ್ತು ಪೋರ್ಟ್ ಕೊಡಿ. ಫೈರ್‌ವಾಲ್ ಅನುಮತಿ ಕೇಳಿದರೆ ಪ್ರೈವೇಟ್ ನೆಟ್‌ವರ್ಕ್‌ಗೆ ಮಾತ್ರ ಒಪ್ಪಿ. ಕೆಫೆ, ಪಿಜಿ ವೈಫೈಗಳಲ್ಲಿ ಒಬ್ಬರ ಸಾಧನ ಇನ್ನೊಬ್ಬರದನ್ನು ತಲುಪದಂತೆ ತಡೆ ಹಾಕಿರುವುದುಂಟು. ಅಲ್ಲಿ ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ ಪ್ರಯತ್ನಿಸಿ. ತೋರಿಸಿ ಮುಗಿದ ಮೇಲೆ ಸರ್ವರ್ ನಿಲ್ಲಿಸಿ ಮತ್ತೆ 127.0.0.1ಕ್ಕೆ ತನ್ನಿ. 0.0.0.0ನಲ್ಲಿ ಬಿಟ್ಟರೆ ಅದೇ ವೈಫೈನಲ್ಲಿರುವ ಬೇರೆಯವರೂ ನಿಮ್ಮ ಸೈಟ್ ತೆರೆಯಬಹುದು.